ಪೆಟ್ಟಿಗೆಯೊಳಗಿನ ಹೆಬ್ಬಾವು

ಶ್ರಾವಣ ಮಾಸದ ಪಂಚಮಿಯು ಹಾವೇರಿಯ ಸೀಮೆಯಲ್ಲಿ ಹೆಣ್ಣುಮಕ್ಕಳ ದೊಡ್ಡ ಹಬ್ಬ. ಅಂದು ಮರದ ಕೊಂಬೆಗಳಿಗೆ ಜೋಕಾಲಿ ಕಟ್ಟುತ್ತಾರೆ. ಎಳ್ಳು, ಶೇಂಗಾ, ರವೆಗಳ ಉಂಡಿ ಮಾಡುತ್ತಾರೆ. ಹುತ್ತಕ್ಕೂ ಮಣ್ಣಿನ ನಾಗಪ್ಪನಿಗೂ ಹಾಲೆರೆಯುತ್ತಾರೆ. ಈ ಮರ್ಯಾದೆಯೆಲ್ಲವೂ ಹೆಡೆಯುಳ್ಳ ನಾಗರಹಾವಿಗೆ ಮಾತ್ರ ಸಲ್ಲುವಂಥದು. ಹೆಡೆಯೂ ಇಲ್ಲದ, ವಿಷವೂ ಇಲ್ಲದ ಹೆಬ್ಬಾವಿಗೆ ಹಾಲೆರೆಯುವವರು ಯಾರೂ ಇಲ್ಲ. ಕಬ್ಬಿನ ಗದ್ದೆಯಲ್ಲಿಯೋ ಕಾಲುವೆಯ ಮಗ್ಗುಲಿನಲ್ಲಿಯೋ ಅದು ಕಾಣಿಸಿಕೊಂಡರೆ ಬಹುಮಂದಿಗೆ ಮೊದಲು ನೆನಪಾಗುವುದು ಬಡಿಗೆ. ಈಚಿನ ವರ್ಷಗಳಲ್ಲಿ ಕೆಲವರಿಗೆ ನೆನಪಾಗುವುದು ಗಾಜಿನ ಪೆಟ್ಟಿಗೆ. ಹಾವನ್ನು ಹಿಡಿದು ತಂದು, ಹೆಸರಿಟ್ಟು, ಕೊರಳಿಗೆ ಸುತ್ತಿಕೊಂಡು ಭಾವಚಿತ್ರ ತೆಗೆಸಿಕೊಂಡು, ಅದನ್ನು ಸಾಕುತ್ತಿದ್ದೇನೆ ಎಂದು ಹೇಳಿಕೊಳ್ಳುವ ಆಸೆ ಪಟ್ಟಣಗಳ ತರುಣರಲ್ಲಿ ಹುಟ್ಟಿಕೊಂಡಿದೆ. ಬಡಿಗೆಯನ್ನು ಎತ್ತಿಸುವುದು ಭಯ. ಪೆಟ್ಟಿಗೆಯನ್ನು ತರಿಸುವುದು ಪ್ರೀತಿ ಎಂದು ಮೇಲುನೋಟಕ್ಕೆ ತೋರುತ್ತದೆ. ಆ ಪ್ರೀತಿಯು ನಿಜವಾಗಿಯೂ ಹೆಬ್ಬಾವಿಗೆ ಮುಟ್ಟುವುದೇ ಎಂಬುದು ವಿಚಾರಮಾಡತಕ್ಕ ಮಾತು.

ಹಿರಿದಾದ ಮರ ಹೆಮ್ಮರವಾದಂತೆ, ಹಿರಿದಾದ ಬಾಗಿಲು ಹೆಬ್ಬಾಗಿಲಾದಂತೆ, ಹಿರಿದಾದ ಹಾವು ಹೆಬ್ಬಾವಾಯಿತು. ಸಂಸ್ಕೃತವು ಅದನ್ನು ಅಜಗರವೆಂದು, ಎಂದರೆ ಆಡನ್ನು ನುಂಗುವುದೆಂದು ಕರೆಯಿತು. ಮಹಾಭಾರತದ ವನಪರ್ವದಲ್ಲಿ ನಹುಷ ಚಕ್ರವರ್ತಿಯು ಅಗಸ್ತ್ಯರ ಶಾಪದಿಂದ ಹೆಬ್ಬಾವಾಗಿ ಕಾಡಿನಲ್ಲಿ ಬಿದ್ದಿರುತ್ತಾನೆ. ಬಲಭೀಮನು ಅದರ ಸುತ್ತಿಗೆ ಸಿಕ್ಕಿ ಬಿಡಿಸಿಕೊಳ್ಳಲಾರದೆ ಹೋಗುತ್ತಾನೆ. ಕೊನೆಗೆ ಧರ್ಮರಾಯನು ಬಂದು, ಆ ಹಾವು ಕೇಳಿದ ಪ್ರಶ್ನೆಗಳಿಗೆ ತಕ್ಕ ಉತ್ತರ ಕೊಟ್ಟು ತಮ್ಮನನ್ನು ಬಿಡಿಸಿಕೊಳ್ಳುತ್ತಾನೆ. ಪುರಾಣದ ಕಥೆಯಾದರೂ ಇದರಲ್ಲಿ ಒಂದು ಔಚಿತ್ಯವಿದೆ. ಇಂದಿಗೂ ಹೆಬ್ಬಾವನ್ನು ಹಿಡಿದಿಡಹೊರಟವನಿಗೆ ಅದು ಪ್ರಶ್ನೆಗಳನ್ನೇ ಒಡ್ಡುತ್ತದೆ. ಮಾತಿನಲ್ಲಿ ಕೇಳುವುದಿಲ್ಲ, ಅಷ್ಟೇ.

ರಾಣೇಬೆನ್ನೂರಿನ ಹತ್ತಿರದ ಒಂದು ಹೊಲದಲ್ಲಿ ಕಬ್ಬು ಕಡಿಯುವಾಗ ಹೆಬ್ಬಾವಿನ ಮರಿಯೊಂದು ಸಿಕ್ಕಿತು, ಅದನ್ನು ಒಬ್ಬ ತರುಣನು ಮನೆಗೆ ಒಯ್ದನು ಎಂದು ಕಲ್ಪಿಸಿಕೊಳ್ಳಬಹುದು. ಮರಿ ಒಂದೂವರೆ ಎರಡು ಅಡಿಯಷ್ಟು ಉದ್ದ; ಅಂಗೈಯಲ್ಲಿ ಸುರುಳಿಯಾಗಿ ಕೂಡುತ್ತದೆ; ಮೈಮೇಲಿನ ಕಂದು ಚಿತ್ತಾರ ರೇಷ್ಮೆಯ ಸೀರೆಯ ಅಂಚಿನಷ್ಟು ಚೆಲುವಾಗಿರುತ್ತದೆ. ಬಿಸ್ಕತ್ತಿನ ಡಬ್ಬಿಯೊಂದು ಅದಕ್ಕೆ ಸಾಕಾದಂತೆ ಕಾಣುತ್ತದೆ. ಆದರೆ ಆ ಮರಿ ಮರಿಯಾಗಿಯೇ ಉಳಿಯುವುದಿಲ್ಲ. ಬೆಳೆದ ಭಾರತೀಯ ಹೆಬ್ಬಾವು ಸಾಮಾನ್ಯವಾಗಿ ಮೂರು ಮೀಟರ್ ಉದ್ದವಿರುತ್ತದೆ. ಕೆಲವು ಅದಕ್ಕಿಂತಲೂ ಬಹಳ ಉದ್ದ ಬೆಳೆಯುತ್ತವೆ. ತಿಂದ ಅನ್ನಕ್ಕೆ ತಕ್ಕಂತೆ ಮೊದಲ ಕೆಲವು ವರ್ಷಗಳಲ್ಲಿಯೇ ಅದು ಡಬ್ಬಿಯನ್ನೂ ಪೆಟ್ಟಿಗೆಯನ್ನೂ ಮೀರಿ, ಒಂದು ಕೋಣೆಯನ್ನು ಬೇಡುತ್ತದೆ. ಮೈಯನ್ನು ಪೂರ್ತಿ ಚಾಚಿ ಮಲಗಲು ಎಡೆಯಿಲ್ಲದ ಗೂಡು ಹಾವಿಗೆ ಗೂಡೇ ಅಲ್ಲ. ಸುತ್ತಿಕೊಂಡು ಮಲಗುವ ಪ್ರಾಣಿಗೆ ಸ್ಥಳವೇಕೆ ಎನ್ನುವುದು, ಮನುಷ್ಯನು ಮುದುಡಿ ಮಲಗುತ್ತಾನಾದ್ದರಿಂದ ಅವನಿಗೆ ಮೂರಡಿಯ ಮನೆ ಸಾಕು ಎಂದಂತೆ.

ಸ್ಥಳಕ್ಕಿಂತಲೂ ಕಠಿಣವಾದುದು ಶಾಖದ ಪ್ರಶ್ನೆ. ಇದನ್ನು ಬ್ಯಾಡಗಿಯವರಿಗೆ ತಿಳಿಸಿ ಹೇಳುವುದು ಸುಲಭ. ಬ್ಯಾಡಗಿಯ ಮೆಣಸಿನಕಾಯಿಗೆ ಖಾರಕ್ಕಿಂತ ಬಣ್ಣದಿಂದಲೇ ಹೆಸರು ಬಂದಿತು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತೂ ದೊರೆಯಿತು. ಆ ಕೆಂಪು ಬೇಸಿಗೆಯ ಧಗೆಗೆ ಮಾಸಿಹೋಗುತ್ತದೆ. ಆದುದರಿಂದಲೇ ಊರಿನ ಸುತ್ತಲೂ ಶೀತಲಗೃಹಗಳು ಎದ್ದಿವೆ. ಅಲ್ಲಿ ಉಷ್ಣತಾಮಾಪಕವನ್ನು ನೋಡುತ್ತಿರುವುದೇ ಒಂದು ಕೆಲಸ. ವಿದ್ಯುತ್ತು ಹೋದರೆ ಇನ್ನೊಂದು ಏರ್ಪಾಡು ಸಿದ್ಧವಿರಬೇಕು. ವ್ಯಾಪಾರಿಯು ತನ್ನ ಸರಕಿನ ಮೇಲೆ ಇಡುವ ಎಚ್ಚರ ಇಷ್ಟು. ಜೀವವಿಲ್ಲದ ಕಾಯಿಗೆ ಇಷ್ಟು ಬೇಕಾದರೆ ಜೀವವುಳ್ಳ ಹಾವಿಗೆ ಎಷ್ಟು ಬೇಕು? ಹಾವಿನ ಮೈಗೆ ತನ್ನದೇ ಆದ ಬಿಸಿಯಿಲ್ಲ. ಬಿಸಿಲನ್ನು, ಕಲ್ಲಿನ ಕಾವನ್ನು, ನೆಲದೊಳಗಿನ ತಂಪನ್ನು ಅದು ಎರವಲು ಪಡೆದು ಬದುಕುತ್ತದೆ. ಹೆಬ್ಬಾವಿನ ಗೂಡಿನ ಒಂದು ತುದಿಯಲ್ಲಿ ಸುಮಾರು 32 ಡಿಗ್ರಿ ಸೆಲ್ಸಿಯಸ್ ಬಿಸಿಯೂ ಇನ್ನೊಂದು ತುದಿಯಲ್ಲಿ 26 ಡಿಗ್ರಿಯ ಆಸುಪಾಸಿನ ತಂಪೂ ಇರಬೇಕೆಂದು ಬಲ್ಲವರು ಹೇಳುತ್ತಾರೆ. ಎರಡರ ನಡುವೆ ಹರಿದಾಡಿ ತನಗೆ ಬೇಕಾದುದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಹಾವಿಗೆ ಇರಬೇಕು.

ಈ ಲೆಕ್ಕ ತಪ್ಪಿದರೆ ಆಗುವ ಕೇಡು ಬೇಗ ಕಣ್ಣಿಗೆ ಬೀಳುವುದಿಲ್ಲ. ತಂಪು ಹೆಚ್ಚಾದರೆ ನುಂಗಿದ ಆಹಾರ ಹೊಟ್ಟೆಯಲ್ಲಿ ಜೀರ್ಣವಾಗದೆ ಕೊಳೆಯತೊಡಗುತ್ತದೆ. ಹಾವು ಅದನ್ನು ಹೊರಗೆ ಹಾಕುತ್ತದೆ. ಡಿಸೆಂಬರಿನ ಚಳಿಯಲ್ಲಿ ಅದಕ್ಕೆ ಶ್ವಾಸಕೋಶದ ಬೇನೆ ತಗಲುತ್ತದೆ. ಬಾಯಿ ತೆರೆದುಕೊಂಡು ಉಸಿರಾಡುತ್ತದೆ, ಬಾಯಿಯಲ್ಲಿ ಲೋಳೆ ಕಟ್ಟುತ್ತದೆ. ಚಳಿಯೆಂದು ಬರಿಯ ವಿದ್ಯುದ್ದೀಪವನ್ನು ಗೂಡಿನೊಳಗೆ ಇಳಿಬಿಟ್ಟರೆ ಹಾವು ಅದಕ್ಕೆ ಅಂಟಿಕೊಂಡು ಮಲಗಿ, ಮೈ ಸುಟ್ಟರೂ ಸರಿದುಹೋಗದೆ ಇರುವುದುಂಟು. ಏಪ್ರಿಲಿನಲ್ಲಿ ತಗಡಿನ ಮಾಡಿನ ಕೆಳಗೆ ಇಟ್ಟ ಗಾಜಿನ ಪೆಟ್ಟಿಗೆ ಒಲೆಯ ಮೇಲಿನ ಪಾತ್ರೆಗೆ ಸಮಾನ. ನಾಯಿಯು ನೋವಾದರೆ ಕುಯ್ಯೆನ್ನುತ್ತದೆ, ದನವು ಹಸಿದರೆ ಅಂಬಾ ಎನ್ನುತ್ತದೆ, ಹಾವಿಗೆ ಕೂಗಿಲ್ಲ. ಅದರ ಸಂಕಟ ತಿಳಿಯಬೇಕಾದರೆ ನೋಡುವವನಿಗೆ ವರ್ಷಗಳ ಅಭ್ಯಾಸ ಬೇಕು. ಹಾವನ್ನು ಬಲ್ಲ ಪಶುವೈದ್ಯರು ದೊಡ್ಡ ನಗರಗಳಲ್ಲಿಯೇ ವಿರಳವಾಗಿರುವಾಗ ತಾಲ್ಲೂಕಿನ ಊರುಗಳ ಮಾತು ಹೇಳಬೇಕಾಗಿಲ್ಲ.

ನೀರಿನ ವಿಚಾರವೂ ಇಂತಹುದೇ. ಹೆಬ್ಬಾವು ನೀರನ್ನು ಕುಡಿಯುವುದು ಮಾತ್ರವಲ್ಲ, ಅದರಲ್ಲಿ ಮೈಯನ್ನು ಮುಳುಗಿಸಿ ಮಲಗುತ್ತದೆ. ಗಾಳಿಯಲ್ಲಿ ತೇವ ಸಾಲದಿದ್ದರೆ ಪೊರೆ ಇಡಿಯಾಗಿ ಕಳಚದೆ ಚೂರುಚೂರಾಗಿ ಮೈಗೆ ಹತ್ತಿಕೊಳ್ಳುತ್ತದೆ. ಕಣ್ಣಿನ ಮೇಲಿನ ಪೊರೆ ಹಾಗೆಯೇ ಉಳಿದು ಕಣ್ಣಿಗೇ ಕೇಡಾಗಬಹುದು. ತೇವ ಹೆಚ್ಚಾಗಿ ಹಾಸು ಕೊಳೆತರೆ ಹೊಟ್ಟೆಯಡಿಯ ಹುರುಪೆಗಳಲ್ಲಿ ಹುಣ್ಣು ಏಳುತ್ತದೆ. ಈ ಎರಡರ ನಡುವಿನ ಹದವನ್ನು ಕಾಡಿನಲ್ಲಿ ಮಣ್ಣೇ ನೋಡಿಕೊಳ್ಳುತ್ತದೆ.

ಇನ್ನು ಅನ್ನದ ಪ್ರಶ್ನೆ. ಹೆಬ್ಬಾವಿಗೆ ಹಾಲು ಬೇಡ, ಅನ್ನ ಬೇಡ. ಅದಕ್ಕೆ ಬೇಕಾದುದು ಇಲಿ, ಹೆಗ್ಗಣ, ಮೊಲ, ಕೋಳಿಗಳ ಇಡಿಯ ದೇಹ. ಮರಿಗೆ ವಾರಕ್ಕೊಮ್ಮೆ ಆಹಾರ ಬೇಕಾಗಬಹುದು. ಬೆಳೆದ ಹಾವು ಕೆಲವು ವಾರಗಳಿಗೊಮ್ಮೆ ಉಂಡರೆ ಸಾಕು. ಜೀವಂತ ಇಲಿಯನ್ನು ಗೂಡಿನೊಳಗೆ ಬಿಟ್ಟು ನೋಡುವುದು ಕೆಲವರಿಗೆ ಒಂದು ವಿನೋದ. ಇದು ಇಲಿಗೆ ಕ್ರೌರ್ಯ ಎಂಬುದು ಹಾಗಿರಲಿ, ಹಾವಿಗೂ ಅಪಾಯವೇ. ಹಸಿವಿಲ್ಲದೆ ಮಲಗಿರುವ ಹೆಬ್ಬಾವನ್ನು ಇಲಿಯೇ ಕಡಿದು ಗಾಯಗೊಳಿಸುವುದುಂಟು. ಆದುದರಿಂದ ತಿಳಿದವರು ಕೊಂದ ಪ್ರಾಣಿಯನ್ನೇ ಇಕ್ಕಳದಿಂದ ಹಿಡಿದು ಕೊಡುತ್ತಾರೆ. ಉಂಡ ಮೇಲೆ ಹಲವು ದಿನ ಹಾವನ್ನು ಮುಟ್ಟಬಾರದು. ಆಗ ಅದರ ದೇಹದಲ್ಲಿ ನಡೆಯುವ ಕಾರ್ಯ ಬೆರಗುಗೊಳಿಸುವಂಥದು. ದೊಡ್ಡ ಊಟದ ಅನಂತರದ ಎರಡು ದಿನಗಳಲ್ಲಿ ಬರ್ಮಾ ಹೆಬ್ಬಾವಿನ ಹೃದಯದ ಕೆಳಕೋಣೆಯು ಸುಮಾರು ನೂರಕ್ಕೆ ನಲವತ್ತರಷ್ಟು ಬೆಳೆಯುತ್ತದೆಂದು 2005ರಲ್ಲಿ ವಿಜ್ಞಾನಿಗಳು ಕಂಡುಕೊಂಡರು. ಜೀರ್ಣವಾದ ಮೇಲೆ ಅದು ಮತ್ತೆ ಮೊದಲಿನ ಅಳತೆಗೆ ಇಳಿಯುತ್ತದೆ. ಇಂಥ ಪ್ರಾಣಿಯನ್ನು ಊಟವಾದ ಮರುದಿನವೇ ನೆಂಟರ ಮುಂದೆ ಎತ್ತಿ ತೋರಿಸುವವನಿಗೆ ತಾನು ಏನನ್ನು ಹಿಡಿದಿದ್ದೇನೆಂಬುದೇ ತಿಳಿದಿರುವುದಿಲ್ಲ.

ಅದರ ಬಲವನ್ನೂ ಮರೆಯುವಂತಿಲ್ಲ. ಹೆಬ್ಬಾವು ಬೇಟೆಯ ಎಲುಬುಗಳನ್ನು ಪುಡಿಮಾಡುತ್ತದೆಂಬ ಮಾತು ಹಳ್ಳಿಗಳಲ್ಲಿ ಬಳಕೆಯಲ್ಲಿದೆ, ಅದು ನಿಜವಲ್ಲ. ಬಿಗಿಯುವ ಹಾವಿನ ಸುತ್ತು ರಕ್ತದ ಓಟವನ್ನೇ ತಡೆಯುತ್ತದೆ. ಇದಕ್ಕೆ ಬೇಕಾಗುವುದು ಕೆಲವೇ ಕ್ಷಣಗಳು. ತುಟಿಯ ಅಂಚಿನ ಕುಳಿಗಳಿಂದ ಅದು ಬೆಚ್ಚನೆಯ ಮೈಯನ್ನು ಕತ್ತಲೆಯಲ್ಲಿಯೂ ಗುರುತಿಸುತ್ತದೆ. ಕೋಳಿಯ ವಾಸನೆ ಹತ್ತಿದ ಬೆಚ್ಚನೆಯ ಕೈಯು ಅದಕ್ಕೆ ಕೈಯಾಗಿ ತೋರದೆ ಕೋಳಿಯಾಗಿ ತೋರಿದರೆ ತಪ್ಪು ಹಾವಿನದಲ್ಲ. ದೊಡ್ಡ ಹೆಬ್ಬಾವನ್ನು ಒಬ್ಬನೇ ಎತ್ತಕೂಡದು, ಜೊತೆಯಲ್ಲಿ ಇನ್ನೊಬ್ಬನಾದರೂ ಇರಲೇಬೇಕು ಎಂಬ ನಿಯಮವನ್ನು ಪ್ರಾಣಿಸಂಗ್ರಹಾಲಯಗಳು ಪಾಲಿಸುವುದು ಇದಕ್ಕಾಗಿಯೇ. ಮನೆಯಲ್ಲಿ ಮಗುವಿದ್ದರೆ ಗೂಡಿನ ಬೀಗದ ಮಾತು ಬೇರೆ.

ಇಷ್ಟೆಲ್ಲ ಮಾಡಿದವನಿಗೆ ಹಾವು ಏನನ್ನು ಹಿಂದಿರುಗಿಸುತ್ತದೆ? ನಿಜ ಹೇಳಬೇಕಾದರೆ ಏನನ್ನೂ ಇಲ್ಲ. ನಾಯಿ ಸಾವಿರಾರು ವರ್ಷ ಮನುಷ್ಯನ ಒಲೆಯ ಬಳಿ ಮಲಗಿ ಅವನ ದನಿಯನ್ನು ಕಲಿತಿದೆ. ಎತ್ತು ನೊಗಕ್ಕೆ ಹೆಗಲು ಕೊಟ್ಟು ಅವನ ಅನ್ನದಲ್ಲಿ ಪಾಲು ಪಡೆದಿದೆ. ‘ಸಾಕು’ ಎಂಬ ಕನ್ನಡದ ಕ್ರಿಯಾಪದದಲ್ಲಿ ಈ ಕೊಡುಕೊಳೆಯ ಭಾವ ತುಂಬಿದೆ. ಹೆಬ್ಬಾವು ಆ ಒಪ್ಪಂದಕ್ಕೆ ಎಂದೂ ಸಹಿ ಹಾಕಿದುದಲ್ಲ. ಕೊರಳ ಸುತ್ತ ಸುಮ್ಮನೆ ಇರುವ ಹಾವು ಅಪ್ಪಿಕೊಂಡಿಲ್ಲ. ಬೆಚ್ಚನೆಯ ಕೊಂಬೆಯೊಂದನ್ನು ಹಿಡಿದುಕೊಂಡಿದೆ. ಅದು ಮನುಷ್ಯನನ್ನು ಹೆಚ್ಚೆಂದರೆ ಸಹಿಸುತ್ತದೆ. ಆದುದರಿಂದ ಹೆಬ್ಬಾವಿನ ಆರೈಕೆ ಪ್ರೀತಿಯ ವ್ಯವಹಾರವಲ್ಲ, ಪ್ರತಿಫಲವಿಲ್ಲದ ಕರ್ತವ್ಯ. ಅದೂ ಒಂದೆರಡು ವರ್ಷದ್ದಲ್ಲ. ಆಫ್ರಿಕದ ಬಾಲ್ ಪೈಥಾನ್ ಜಾತಿಯ ಒಂದು ಹೆಣ್ಣು ಹಾವನ್ನು 1961ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಪ್ರಾಣಿಸಂಗ್ರಹಾಲಯಕ್ಕೆ ಅದರ ಒಡೆಯನು ಒಪ್ಪಿಸಿದನು. ಆ ಹಾವು 2020ರಲ್ಲಿ, ಅರವತ್ತು ವರ್ಷ ದಾಟಿದ ಮೇಲೆ, ಏಳು ಮೊಟ್ಟೆಗಳನ್ನು ಇಟ್ಟಿತು. ಹಾವನ್ನು ಕೊಂಡವನ ಹುಮ್ಮಸ್ಸು ಎಷ್ಟು ವರ್ಷದ್ದೋ, ಹಾವಿನ ಆಯುಷ್ಯ ಮಾತ್ರ ಅವನ ಮಕ್ಕಳ ಕಾಲಕ್ಕೂ ಚಾಚಬಲ್ಲುದು.

ಹಾಗಾದರೆ ಹಾವನ್ನು ಯಾರೂ ಎಲ್ಲಿಯೂ ಇಡಲೇಬಾರದೆ? ಹಾಗೆ ಹೇಳಿದರೆ ಅನ್ಯಾಯವಾದೀತು. ಹೆಬ್ಬಾವಿನ ವಿಷಯದಲ್ಲಿ ಇಂದು ತಿಳಿದಿರುವ ಎಷ್ಟೋ ಸಂಗತಿಗಳು ಗೂಡಿನಲ್ಲಿಟ್ಟ ಹಾವುಗಳಿಂದಲೇ ತಿಳಿದುಬಂದವು. ಹತ್ತೊಂಬತ್ತನೆಯ ಶತಮಾನದಲ್ಲಿ ಲಮಾರ್ ಪಿಕೊ ಎಂಬ ಫ್ರೆಂಚ್ ಪ್ರವಾಸಿಯು, ಭಾರತದ ಹೆಣ್ಣು ಹೆಬ್ಬಾವು ಮೊಟ್ಟೆಗಳ ಸುತ್ತ ಸುತ್ತಿಕೊಂಡು ಮೈಯಿಂದಲೇ ಕಾವು ಕೊಡುತ್ತದೆಂದು ಹೇಳಿದಾಗ ಅವನ ದೇಶದ ಪಂಡಿತರು ನಂಬಲಿಲ್ಲ. ಶೀತರಕ್ತದ ಪ್ರಾಣಿ ಕಾವು ಕೊಡುವುದೆಂತು? 1841ರಲ್ಲಿ ಪ್ಯಾರಿಸಿನ ಸಂಗ್ರಹಾಲಯದಲ್ಲಿ ಹೆಬ್ಬಾವೊಂದು ಮೊಟ್ಟೆಯಿಟ್ಟಿತು. ವಲೆನ್ಸಿಯೆನ್ ಎಂಬ ವಿದ್ವಾಂಸನು ಸುರುಳಿಯ ನಡುವೆ ಉಷ್ಣತಾಮಾಪಕವನ್ನಿಟ್ಟು ಅಳೆದು ನೋಡಿದನು. ತಾಯಿಯ ಮೈ ಸುತ್ತಲಿನ ಗಾಳಿಗಿಂತ ಬಿಸಿಯಾಗಿತ್ತು. ಸ್ನಾಯುಗಳನ್ನು ಬಿಟ್ಟುಬಿಟ್ಟು ಅದಿರಿಸಿ ಅದು ಈ ಬಿಸಿಯನ್ನು ಹುಟ್ಟಿಸುತ್ತದೆ. ತನಗಾಗಿ ಬಿಸಿಯನ್ನು ಹುಟ್ಟಿಸಲಾರದ ಹಾವು ಮೊಟ್ಟೆಗಳಿಗಾಗಿ, ಸುಮಾರು ಎರಡು ತಿಂಗಳು ಬಹುಮಟ್ಟಿಗೆ ಉಪವಾಸವಿದ್ದು, ಅದನ್ನು ಹುಟ್ಟಿಸುತ್ತದೆ! 1892ರಲ್ಲಿ ಸ್ಥಾಪಿತವಾದ ಮೈಸೂರಿನ ಪ್ರಾಣಿಸಂಗ್ರಹಾಲಯ, ಹಾವೇರಿಗೆ ಹತ್ತಿರವಾದ ಗದಗಿನ ಬಿಂಕದಕಟ್ಟಿಯ ಪ್ರಾಣಿಸಂಗ್ರಹಾಲಯ ಮೊದಲಾದ ಕಡೆಗಳಲ್ಲಿ ಪ್ರಾಣಿಗಳನ್ನು ನೋಡಿಕೊಳ್ಳುವವರು ಆ ಕೆಲಸಕ್ಕೇ ನೇಮಕವಾದವರು. ಒಬ್ಬನು ನಿವೃತ್ತನಾದರೆ ಇನ್ನೊಬ್ಬನು ಬೀಗದ ಕೈ ವಹಿಸಿಕೊಳ್ಳುತ್ತಾನೆ. ಮನೆಯ ಪೆಟ್ಟಿಗೆಗೆ ಇಲ್ಲದ ಮುಖ್ಯ ಅನುಕೂಲ ಇದೇ.

ಕಾಯಿದೆಯೂ ಇದೇ ಮಾತನ್ನು ಹೇಳುತ್ತದೆ. ಒಂದು ಕಾಲದಲ್ಲಿ ಭಾರತದಿಂದ ಹಾವಿನ ಚರ್ಮವು ಚೀಲಕ್ಕೂ ಪಾದರಕ್ಷೆಗೂ ಹೇರಳವಾಗಿ ಹೊರದೇಶಗಳಿಗೆ ಹೋಗುತ್ತಿತ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಅಧಿನಿಯಮ ಬಂದಿತು. 1976ರಲ್ಲಿ ಹಾವಿನ ಚರ್ಮದ ರಫ್ತನ್ನು ನಿಷೇಧಿಸಲಾಯಿತು. ಭಾರತೀಯ ಹೆಬ್ಬಾವು ಈಗ ಹುಲಿ, ಆನೆಗಳ ಜೊತೆಗೆ ಅಧಿನಿಯಮದ ಮೊದಲನೆಯ ಅನುಸೂಚಿಯಲ್ಲಿದೆ. ಅದನ್ನು ಹಿಡಿಯುವುದೂ ಮನೆಯಲ್ಲಿಡುವುದೂ ಕೊಲ್ಲುವಷ್ಟೇ ಅಪರಾಧ. ಮೂರರಿಂದ ಏಳು ವರ್ಷಗಳ ಸೆರೆಮನೆಯೂ ದಂಡವೂ ಅದಕ್ಕೆ ಶಿಕ್ಷೆ. ಕಬ್ಬಿನ ಗದ್ದೆಯಿಂದ ಮರಿಯನ್ನು ಒಯ್ದ ಆ ತರುಣನು ತಾನು ಕರುಣೆ ತೋರಿದೆನೆಂದು ವಾದಿಸಬಹುದು. ಕಾಯಿದೆಗೆ ಆ ಕರುಣೆ ಬೇಕಾಗಿಲ್ಲ. ಹಾವಿಗೂ ಬೇಕಾಗಿಲ್ಲ.

ದೇಶದ ಹಾವನ್ನು ಇಡಕೂಡದೆಂದಾಗ ಆಸೆಯು ಪರದೇಶದ ಹಾವುಗಳ ಕಡೆಗೆ ತಿರುಗಿತು. 2022ರ ತಿದ್ದುಪಡಿಯೂ 2024ರ ನಿಯಮಗಳೂ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶೀ ಪ್ರಾಣಿಗಳನ್ನು ಇಟ್ಟುಕೊಂಡವರು ಅವುಗಳನ್ನು ಸರ್ಕಾರದಲ್ಲಿ ನೋಂದಾಯಿಸಬೇಕೆಂದು ವಿಧಿಸಿದವು. ಆದರೆ ಈ ಆಸೆಯ ಹಿಂದೆ ಎಂಥ ವ್ಯಾಪಾರ ನಡೆಯುತ್ತದೆಂಬುದು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿಯೇ ಬಯಲಾಯಿತು. 2023ರ ಸೆಪ್ಟೆಂಬರಿನಲ್ಲಿ ಬ್ಯಾಂಕಾಕಿನಿಂದ ಬಂದ ಸಾಮಾನುಗಳಲ್ಲಿ ಸುಂಕದ ಅಧಿಕಾರಿಗಳಿಗೆ 55 ಬಾಲ್ ಪೈಥಾನುಗಳೂ 17 ಕಾಳಿಂಗ ಸರ್ಪಗಳೂ ಸಿಕ್ಕಿದವು. ಅವುಗಳ ಜೊತೆಯಲ್ಲಿದ್ದ ಆರು ಕಪುಚಿನ್ ಕೋತಿಗಳು ಅಷ್ಟರಲ್ಲಿಯೇ ಸತ್ತಿದ್ದವು. ಬಟ್ಟೆಬರೆ ತುಂಬುವ ಪೆಟ್ಟಿಗೆಯಲ್ಲಿ ಉಸಿರಾಡುವ ಜೀವಗಳನ್ನು ತುಂಬಿ ತಂದವರಿಗೆ ಧೈರ್ಯ ಕೊಟ್ಟುದು, ಅವುಗಳನ್ನು ಕೊಳ್ಳಲು ಎಲ್ಲಿಯೋ ಒಂದು ಮನೆ ಕಾದಿದೆ ಎಂಬ ನಂಬಿಕೆಯೇ. ಅಂಗಡಿಯಲ್ಲಿ ಚೊಕ್ಕಟವಾಗಿ ಕಾಣುವ ಹಾವಿನ ಹಿಂದೆ ದಾರಿಯಲ್ಲಿ ಸತ್ತವುಗಳ ಎಣಿಕೆ ಯಾರಲ್ಲಿಯೂ ಇಲ್ಲ.

ಆಸೆ ತೀರಿದ ಮೇಲೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಫ್ಲಾರಿಡಾ ಪ್ರಾಂತ ಸಾಕ್ಷಿಯಾಗಿದೆ. ಅಲ್ಲಿ ಮನೆಗಳಲ್ಲಿ ಇಡಲೆಂದು ತರಿಸಿದ ಬರ್ಮಾ ಹೆಬ್ಬಾವುಗಳು ಬೆಳೆದು ಭಾರವಾದಾಗ ಕೆಲವರು ಅವುಗಳನ್ನು ಜೌಗುಕಾಡಿನಲ್ಲಿ ಬಿಟ್ಟುಬಂದರು, ಕೆಲವು ತಪ್ಪಿಸಿಕೊಂಡವು. ಎವರ್‌ಗ್ಲೇಡ್ಸ್ ಎಂಬ ಆ ಕಾಡಿನಲ್ಲಿ ಅವು ಸಂಸಾರ ಹೂಡಿದವು. ಮೊದಲು ಎಲ್ಲೆಂದರಲ್ಲಿ ಕಾಣುತ್ತಿದ್ದ ರ‍್ಯಾಕೂನ್ ಮುಂತಾದ ಸಣ್ಣ ಪ್ರಾಣಿಗಳು ಹೆಬ್ಬಾವು ನೆಲೆಸಿದ ಕಡೆಗಳಲ್ಲಿ ಬಹುಮಟ್ಟಿಗೆ ಕಣ್ಮರೆಯಾದುದನ್ನು 2012ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಆ ದೇಶವು ಬರ್ಮಾ ಹೆಬ್ಬಾವಿನ ಆಮದನ್ನು ತಡೆದುದು ಅದೇ ವರ್ಷ. ಅಷ್ಟು ಹೊತ್ತಿಗೆ ಕಾಲ ಮಿಂಚಿತ್ತು. ಅಲ್ಲಿ ಹಿಡಿದ ಹೆಣ್ಣು ಹಾವೊಂದು ಸುಮಾರು 98 ಕಿಲೋಗ್ರಾಂ ತೂಗಿತು. ಅದರ ಹೊಟ್ಟೆಯಲ್ಲಿ ಬೆಳೆಯುತ್ತಿದ್ದ ಮೊಟ್ಟೆಗಳು 122. ಅಮೆರಿಕದವರ ಈ ಪಾಡು ಕನ್ನಡನಾಡಿಗೆ ದೂರದ ಮಾತಲ್ಲ. ಪರದೇಶದ ಹಾವು ತುಂಗಭದ್ರೆಯ ದಂಡೆಯ ಪೊದೆಗೆ ಸೇರಿದರೆ ಅದು ತರಬಹುದಾದ ಹೊಸ ಬೇನೆಗಳಿಗೆ ಅಲ್ಲಿಯ ಹಾವುಗಳಲ್ಲಿ ತಡೆಯಿಲ್ಲ. ಬೇಡವಾದಾಗ ಬಿಟ್ಟುಬಿಡುತ್ತೇನೆ ಎಂಬ ಸಮಾಧಾನವು ಪೆಟ್ಟಿಗೆಯ ಹಾವಿಗೆ ಒದಗುವುದೇ ಇಲ್ಲ. ಪೆಟ್ಟಿಗೆಗೆ ಒಳಬರುವ ಬಾಗಿಲಷ್ಟೇ ಇದೆ.

ರಾಣೇಬೆನ್ನೂರಿನಲ್ಲಿ 1974ರಿಂದ ಒಂದು ಅಭಯಾರಣ್ಯವಿದೆ. ಸುಮಾರು 119 ಚದರ ಕಿಲೋಮೀಟರಿನ ಕುರುಚಲು ಕಾಡಿನಲ್ಲಿ ಕೃಷ್ಣಮೃಗಗಳು ಹಿಂಡುಹಿಂಡಾಗಿ ಇವೆ. ಅವುಗಳನ್ನು ಉಳಿಸಬೇಕೆಂದಾಗ, ಮನೆಗೊಂದರಂತೆ ಹಿತ್ತಲಿನಲ್ಲಿ ಕಟ್ಟಿಹಾಕಲು ಯಾರೂ ಸೂಚಿಸಲಿಲ್ಲ. ಅವುಗಳ ಪಾಡಿಗೆ ಅವು ಓಡಾಡಲು ನೆಲವನ್ನು ಬಿಟ್ಟುಕೊಡಲಾಯಿತು. ಅವು ಹೊರಗೆ ಬಂದು ರೈತರ ಬೆಳೆ ಮೇಯುತ್ತವೆಂಬ ಗೊಣಗಾಟ ಇಲ್ಲದಿಲ್ಲ. ಅದರಲ್ಲಿ ನ್ಯಾಯವೂ ಉಂಟು. ಹೆಬ್ಬಾವು ಅಷ್ಟನ್ನೂ ಕೇಳುವುದಿಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಕೋಳಿ, ಒಂದು ಆಡಿನ ಮರಿ ಅದರ ಪಾಲಾಗುವುದು ನಿಜ. ಬಡವನಿಗೆ ಅದು ಸಣ್ಣ ನಷ್ಟವೂ ಅಲ್ಲ. ಆದರೆ ಗೋವಿನಜೋಳದ ತೆನೆಗಳನ್ನು ಕಡಿದು ಬಿಲಕ್ಕೆ ಸಾಗಿಸುವ ಇಲಿ ಹೆಗ್ಗಣಗಳನ್ನು ಅದು ಸದ್ದಿಲ್ಲದೆ ಹಿಡಿಯುತ್ತದೆ. ಆ ಜಮೆಯನ್ನು ಯಾವ ರೈತನೂ ಖಾತೆಯಲ್ಲಿ ಬರೆದಿಟ್ಟಿಲ್ಲ.

ವರದಾ ನದಿಯ ಬಯಲಿನಲ್ಲಿ ಚಳಿಗಾಲದ ಮುಂಜಾನೆ ಹೆಬ್ಬಾವು ಒಡ್ಡಿನ ಮೇಲೆ ಬಿಸಿಲಿಗೆ ಮೈ ಚಾಚಿರುತ್ತದೆ. ಬಿಸಿಲೇರಿದಂತೆ ಮುಳ್ಳುಹಂದಿ ತೋಡಿಬಿಟ್ಟ ಬಿಲದ ಕಡೆಗೋ ಪೊದೆಯ ನೆರಳಿಗೋ ಸರಿಯುತ್ತದೆ. ಗಾಜಿನ ಗೂಡಿನಲ್ಲಿ ಯಂತ್ರವಿಟ್ಟು ಅಳೆದು ಕೊಡಬೇಕಾದ ಬಿಸಿಯನ್ನೂ ತಂಪನ್ನೂ ಆ ಇಪ್ಪತ್ತು ಮಾರಿನೊಳಗೆ ಅದು ತಾನೇ ಹುಡುಕಿಕೊಳ್ಳುತ್ತದೆ. ಮನೆಯೊಳಗೇ ನುಗ್ಗಿದರೆ ಅರಣ್ಯ ಇಲಾಖೆಗೆ ತಿಳಿಸಬೇಕು. ಅವರು ಅದನ್ನು ಹಿಡಿದು ಬಹುದೂರಕ್ಕೆ ಒಯ್ಯದೆ ಸಮೀಪದ ತಕ್ಕ ಸ್ಥಳದಲ್ಲಿಯೇ ಬಿಡುವುದು ಹಾವಿಗೆ ಹಿತ. ಹೊಲದಲ್ಲಿ ಕಂಡರೆ ಅಷ್ಟೂ ಬೇಡ. ಕಬ್ಬು ಕಡಿಯುವವರು ಆ ಸಾಲನ್ನು ಬಿಟ್ಟು ಮುಂದಿನ ಸಾಲಿಗೆ ಹೋದರೆ, ಸಂಜೆ ಗಾಡಿ ತುಂಬುವ ಹೊತ್ತಿಗೆ ಅದು ಅಲ್ಲಿರುವುದಿಲ್ಲ.